ಇಮ್ಯೂನಿಟಿ ಜಾಸ್ತಿ ಆದಷ್ಟೂ ಒಳ್ಳೆಯದಲ್ವಾ?

"ಇಮ್ಯೂನಿಟಿ ಜಾಸ್ತಿ ಆದಷ್ಟೂ ಒಳ್ಳೆಯದಲ್ವಾ? ಮತ್ತೆ ಅದನ್ನು ತಡೆಯೋ ಟಿ ಸೆಲ್ ಬಗ್ಗೆ ಕೆಲಸ ಮಾಡಿದವರಿಗೆ ನೊಬೆಲ್ ಯಾಕೆ ಕೊಟ್ಟರು?" ಅಂತ ಕೇಳಿದ್ದೀರಿ. ಟಿ ಸೆಲ್ ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ; ಅವುಗಳಲ್ಲೇ ಕೆಲವು ಉಳಿದವನ್ನು ತಡೆಯುತ್ತವೆ. ಬಿಎಸ್ಸಿ ಮಕ್ಕಳಿಗೆ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ನಾನು ಯಾವಾಗಲೂ ಒಂದು ಇಲಿಯಿಂದ ಶುರು ಮಾಡುತ್ತೇನೆ.

1940ರ ದಶಕ, ಅಮೆರಿಕದ ಓಕ್ ರಿಡ್ಜ್ ಲ್ಯಾಬ್. ಒಂದು ತಳಿಯಲ್ಲಿ ಕೆಲವು ಗಂಡು ಮರಿಗಳಿಗೆ ಮಾತ್ರ ಚರ್ಮ ಹೊಟ್ಟಿನ ಹಾಗೆ ಏಳುತ್ತಿತ್ತು. ಲಿಂಫ್ ಗಂಟುಗಳು ಊದಿಕೊಂಡು, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಸೋಂಕಿನಿಂದಲ್ಲ. ಅವುಗಳ ಟಿ ಸೆಲ್‌ಗಳೇ ಅವುಗಳ ಮೈಮೇಲೆ ಬಿದ್ದಿದ್ದವು. ನೋಡಿ, ಇಮ್ಯೂನಿಟಿ ಕಡಿಮೆಯೇನೂ ಇರಲಿಲ್ಲ!

ಅಮೆರಿಕದ ವಿಜ್ಞಾನಿಗಳಾದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಇಬ್ಬರೂ ಇದರ ಜೀನ್ ಹುಡುಕಿ ಹೊರಟರು. ಎಕ್ಸ್ ಕ್ರೋಮೋಸೋಮಿನಲ್ಲಿ ಅನುಮಾನ ಬಂದ ಜೀನ್‌ಗಳು 20. ಒಂದೊಂದಾಗಿ ನೋಡುತ್ತಾ ಹೋದರೆ, ಕೆಟ್ಟಿದ್ದದ್ದು ಇಪ್ಪತ್ತನೆಯದು! 2001ರಲ್ಲಿ ಪ್ರಕಟಿಸಿದ ಆ ಜೀನೇ ಫಾಕ್ಸ್‌ಪಿ3. ಗಂಡು ಮಕ್ಕಳಲ್ಲಿ ಇದು ಕೆಟ್ಟರೆ ಹಸುಗೂಸಿಗೇ ಡಯಾಬಿಟಿಸ್, ನಿಲ್ಲದ ಭೇದಿ, ಎಕ್ಸಿಮಾ. ಈ ಕಾಯಿಲೆಗೆ ಐಪೆಕ್ಸ್ ಅನ್ನುತ್ತಾರೆ.

ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲೇ ಈ ತಡೆಯುವ ಸೆಲ್‌ಗಳನ್ನು ಗುರುತಿಸಿದ್ದರು. ಫಾಕ್ಸ್‌ಪಿ3 ಇಲ್ಲದೆ ಅವು ತಯಾರಾಗುವುದಿಲ್ಲ ಅಂತ 2003ರಲ್ಲಿ ಗೊತ್ತಾಯಿತು. 2025ರ ನೊಬೆಲ್ ಈ ಮೂವರಿಗೆ.

ತಡೆಯುವುದು ಹೇಗೆ? ಬೇರೆ ಟಿ ಸೆಲ್‌ಗಳು ಬೆಳೆಯಲು ಐಎಲ್-2 ಅನ್ನೋ ಪ್ರೋಟೀನ್ ಬೇಕು. ಅದನ್ನು ಈ ಸೆಲ್‌ಗಳು ತಾವೇ ಹೀರಿಬಿಡುತ್ತವೆ. ಪಂಕ್ತಿಯಲ್ಲಿ ಮೊದಲು ಕೂತವರೇ ಅನ್ನ ಖಾಲಿ ಮಾಡಿದ ಹಾಗೆ. ಜೊತೆಗೆ ಐಎಲ್-10, ಟಿಜಿಎಫ್-ಬೀಟಾ ಅನ್ನೋ ಪ್ರೋಟೀನುಗಳನ್ನು ಬಿಟ್ಟು ಉರಿಯೂತ ತಗ್ಗಿಸುತ್ತವೆ. ಇನ್ನೊಂದು ಉಪಾಯವೂ ಇದೆ: ಮೈಮೇಲಿನ ಸಿಟಿಎಲ್‌ಎ-4 ಅನ್ನೋ ಪ್ರೋಟೀನ್ ಬಳಸಿ, ಉಳಿದ ಟಿ ಸೆಲ್‌ಗಳನ್ನು ಎಬ್ಬಿಸುವ ಸಿಗ್ನಲ್ಲನ್ನೇ ಕಿತ್ತುಹಾಕುತ್ತವೆ.

ಹಾಗಂತ ಐಎಲ್-10 ಚುಚ್ಚಿದರೆ ಮುಗೀತಾ? ಕರುಳಿನ ಕ್ರೋನ್ಸ್ ಕಾಯಿಲೆಗೆ ಕೊಟ್ಟು ನೋಡಿದರು, ಅಂಥಾ ಉಪಯೋಗವೇನೂ ಆಗಲಿಲ್ಲ. ಎಲ್ಲಿ, ಯಾವಾಗ, ಎಷ್ಟು ಅನ್ನುವುದು ಸೆಲ್‌ಗೆ ಗೊತ್ತು, ಸಿರಿಂಜಿಗೆ ಗೊತ್ತಿಲ್ಲ.

ಈ ಬ್ರೇಕ್ ಕ್ಯಾನ್ಸರ್ ಗಡ್ಡೆಗೂ ಅನುಕೂಲ. ಇವೇ ಸೆಲ್‌ಗಳನ್ನು ಹತ್ತಿರ ಸೇರಿಸಿಕೊಂಡು ದಾಳಿಯಿಂದ ತಪ್ಪಿಸಿಕೊಳ್ಳುತ್ತದೆ. ಇಂಥ ಬ್ರೇಕ್ ಸಡಿಲಿಸಲೆಂದು ಸಿಟಿಎಲ್‌ಎ-4 ಕಟ್ಟಿಹಾಕುವ ಇಪಿಲಿಮುಮ್ಯಾಬ್ ಔಷಧಿ 2011ರಲ್ಲಿ ಬಂತು. ಕೆಲವು ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಲ್ಲಿ ಗಡ್ಡೆ ಕರಗಿತು. ಆದರೆ ಇಮ್ಯೂನಿಟಿ ನಿಜವಾಗಿಯೂ "ಬೂಸ್ಟ್" ಆದಾಗ ಏನಾಗುತ್ತದೆ ಅಂತಲೂ ಅಲ್ಲೇ ಕಾಣಿಸಿತು: ಎಷ್ಟೋ ಜನಕ್ಕೆ ಮೈತುಂಬ ದದ್ದು, ಕರುಳಿನ ಉರಿಯೂತ, ಭೇದಿ. ಹೆಚ್ಚುಕಮ್ಮಿ ಆ ಇಲಿಮರಿಗಳ ಪಾಡೇ.