ಬೆನ್ನಿಗೆ ಕೈ ಹಚ್ಚುವ ಮೊದಲು ಚಿಕಿತ್ಸೆ ಮಾಡುವವರು ನಿಮ್ಮ ತಾಯಿಯವರನ್ನು ಏನು ಕೇಳಬೇಕು

ಶಹಾಪುರದ ಹತ್ತಿರದ ಹಳ್ಳಿಯಲ್ಲಿರುವ ನಿಮ್ಮ ತಾಯಿಯವರಿಗೆ ನಾಲ್ಕು ತಿಂಗಳಿಂದ ಟೊಂಕನೋವಿದೆ, ವಯಸ್ಸು 58, ಅಣ್ಣನವರು ಮೊಬೈಲಿನಲ್ಲಿ ವಿಡಿಯೊ ನೋಡಿ ಹೈದರಾಬಾದಿನಲ್ಲಿ ಎಲುಬು ಒತ್ತುವ ಕೈರೊಪ್ರಾಕ್ಟಿಕ್ ಚಿಕಿತ್ಸೆ ಮಾಡಿಸೋಣ ಎನ್ನುತ್ತಿದ್ದಾರೆ, ನೆರೆಮನೆಯವರು ಚೀನಾ ಮೂಲದ ಸೂಜಿ ಚುಚ್ಚುವ ಚಿಕಿತ್ಸೆಯಾದ ಅಕ್ಯುಪಂಕ್ಚರ್ ಒಳ್ಳೆಯದು ಎನ್ನುತ್ತಿದ್ದಾರೆ, ಮೊದಲ ಸಲ ಹೋಗುವವರು ಏನು ತಿಳಿದಿರಬೇಕು ಎಂದು ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಹಲವು ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಎರಡನ್ನೂ ಮಾಡಿಸಿಕೊಂಡು ನೋವು ಇಳಿದವರನ್ನು ನೋಡಿದ್ದೇನೆ, ಮಾಡಿಸಿಕೊಂಡು ಕೆಟ್ಟವರನ್ನೂ ನೋಡಿದ್ದೇನೆ. ಇವರಿಬ್ಬರ ನಡುವಿನ ವ್ಯತ್ಯಾಸ ಹೆಚ್ಚಿನ ಸಲ ಚಿಕಿತ್ಸೆಯಲ್ಲಿ ಇರಲಿಲ್ಲ. ಕೈ ಹಚ್ಚುವ ಮೊದಲು ಯಾರಾದರೂ ಸರಿಯಾಗಿ ವಿಚಾರಿಸಿದ್ದರೋ ಇಲ್ಲವೋ ಎಂಬುದರಲ್ಲಿ ಇತ್ತು.

ಕೈರೊಪ್ರಾಕ್ಟಿಕ್ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರು ಆರಂಭಿಸಿದರು. ಬೆನ್ನೆಲುಬಿನ ಕೀಲಿನ ಮೇಲೆ ಒಮ್ಮೆಲೇ, ಅಳತೆಯ ಒತ್ತಡ ಹಾಕುವುದು ಇದರ ಮುಖ್ಯ ಕ್ರಮ. ವಿಡಿಯೊದಲ್ಲಿ ಕೇಳುವ 'ಲಟ್' ಎಂಬ ಸದ್ದು ಜರುಗಿದ ಎಲುಬು ತನ್ನ ಜಾಗಕ್ಕೆ ಕೂತ ಸದ್ದಲ್ಲ. ಬೆರಳಿನ ನೆಟಿಗೆ ತೆಗೆದಾಗ ಆಗುವಂತೆ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಅದು ಬರುತ್ತದೆ. ಆದ್ದರಿಂದ ಸದ್ದು ಬಂದರೆ ವಾಸಿಯಾಯಿತು, ಬರದಿದ್ದರೆ ಆಗಲಿಲ್ಲ ಎಂಬ ಲೆಕ್ಕ ಸರಿಯಲ್ಲ. ಈ ಪದ್ಧತಿಯವರನ್ನು ನೋಂದಾಯಿಸುವ ಶಾಸನಬದ್ಧ ಪರಿಷತ್ತು ನಮ್ಮ ದೇಶದಲ್ಲಿ ಇಲ್ಲದ ಕಾರಣ, ಹೆಸರಿನ ಫಲಕ ನೋಡಿ ನಂಬದೆ, ಅವರು ಎಲ್ಲಿ, ಎಷ್ಟು ವರ್ಷ, ಯಾವ ಪದವಿ ಓದಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿರಿ. ನಾಲ್ಕು ದಿನದ ಶಿಬಿರದಲ್ಲಿ ಕಲಿತ ಕೈಗೂ ವರ್ಷಗಟ್ಟಲೆ ಓದಿದ ಕೈಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಭಾಗದವರಿಗೆ ನಾನು ಒತ್ತಿ ಹೇಳುವ ಮಾತೊಂದಿದೆ. ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿರುತ್ತದೆ. ಅಂತಹ ನೀರನ್ನು ಹತ್ತಾರು ವರ್ಷ ಕುಡಿದವರ ಎಲುಬು ಗಡಸಾಗುತ್ತದೆ, ಬೆನ್ನೆಲುಬಿನ ಕೀಲುಗಳನ್ನು ಕಟ್ಟಿಹಿಡಿದ ಪಟ್ಟಿಗಳಲ್ಲಿ ಸುಣ್ಣ ತುಂಬುತ್ತದೆ, ನರದ ಹಾದಿ ಇಕ್ಕಟ್ಟಾಗುತ್ತದೆ. ಇಂತಹ ಬೆನ್ನನ್ನು, ಅದರಲ್ಲಿಯೂ ಕುತ್ತಿಗೆಯನ್ನು, ಹಠಾತ್ತನೆ ತಿರುಚುವುದು ಅಪಾಯಕರ. ಮುಟ್ಟು ನಿಂತ ಮೇಲೆ ಸವೆದ ಎಲುಬು ಇನ್ನೊಂದು ಕಾರಣ. ತಾಯಿಯವರ ವಯಸ್ಸಿನಲ್ಲಿ ಅದನ್ನು ಮರೆಯುವಂತಿಲ್ಲ. ಮೂರನೆಯದು ಬೆನ್ನೆಲುಬಿನ ಕ್ಷಯ. ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ಟೊಂಕ ಹಿಡಿದಿದೆ ಎಂದು ಎಲ್ಲೋ ಮೂರು ವಾರ ಎಲುಬು ಒತ್ತಿಸಿಕೊಂಡು ನನ್ನ ಬಳಿ ಬಂದಾಗ, ಸಂಜೆಯಾದರೆ ಮೈ ಬಿಸಿಯಾಗುತ್ತದೆಯೇ ಎಂದು ಕೇಳಿದೆ. ಎರಡು ತಿಂಗಳಿಂದ ಆಗುತ್ತಿದೆ, ಯಾರೂ ಕೇಳಲಿಲ್ಲ ಎಂದರು. ಎಂಆರ್‌ಐ ನೋಡಿದಾಗ ಕ್ಷಯದಿಂದ ಬೆನ್ನೆಲುಬಿನ ಎರಡು ಮಣಿಗಳು ಕರಗಿದ್ದವು. ಔಷಧದಿಂದ ಅವರು ಗುಣವಾದರು, ಆದರೆ ಅಷ್ಟರಲ್ಲಿ ಬಲಗಾಲಿನ ಬಲ ಕುಂದಿತ್ತು. ಆ ಮೂರು ವಾರ ನನ್ನನ್ನು ಇಂದಿಗೂ ಕಾಡುತ್ತವೆ.

ಆದ್ದರಿಂದ ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದರೆ ಅದರ ಇತಿಹಾಸ, ಬಿದ್ದ ಪೆಟ್ಟು, ರಕ್ತ ತೆಳುವಾಗಿಸುವ ಮಾತ್ರೆ, ಇವನ್ನು ಕೇಳದೆ ಯಾರಾದರೂ ನೇರವಾಗಿ ಮೇಜಿನ ಮೇಲೆ ಮಲಗಿಸಿದರೆ ಅಲ್ಲಿಂದ ಎದ್ದು ಬನ್ನಿ. ಕಾಲಿನ ಬಲ ಹೋಗುತ್ತಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಕೂರುವ ಜಾಗ ಜೋಮು ಹಿಡಿದರೆ ಯಾವ ಪದ್ಧತಿಯನ್ನೂ ಹುಡುಕದೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಟೊಂಕನೋವಿಗೆ ಹೋದವರ ಕುತ್ತಿಗೆಯನ್ನೂ 'ಸರಿಮಾಡಿಬಿಡುತ್ತೇನೆ' ಎಂದರೆ ಬೇಡವೆನ್ನಿರಿ. ಕುತ್ತಿಗೆ ತಿರುಚಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಪಾರ್ಶ್ವವಾಯು ಆಗಿರುವ ಪ್ರಕರಣಗಳು ಅಪರೂಪವಾದರೂ ಇವೆ.

ಅಕ್ಯುಪಂಕ್ಚರ್ ನಮಗೆ ಅಷ್ಟು ದೂರದ್ದೇನೂ ಅಲ್ಲ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ನಮ್ಮ ಪಕ್ಕದ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರಿದ್ದರು, ಅದೇ ತಂಡದ ಡಾ. ಬಿಜೋಯ್ ಕುಮಾರ್ ಬಸು ಮುಂದೆ ಈ ವಿದ್ಯೆಯನ್ನು ಕೋಲ್ಕತ್ತಕ್ಕೆ ತಂದರು. 2003ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿತು. ಸೂಜಿ ಬಹಳ ಸಣ್ಣದು, ಇಂಜೆಕ್ಷನ್ ಸೂಜಿಯಂತೆ ನೋಯುವುದಿಲ್ಲ. ಮೊಹರು ಮಾಡಿದ ಹೊಸ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು ಹರಡಬಲ್ಲದು. ಎದೆಯ ಭಾಗಕ್ಕೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವ ಅಪಾಯವೂ ಇದೆ. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ತಿರುಗುತ್ತದೆ.

ಫಲ ಸಿಗುತ್ತದೆಯೇ ಎಂದರೆ ತಜ್ಞರಲ್ಲಿಯೇ ಒಮ್ಮತವಿಲ್ಲ. ಚಿಕಿತ್ಸೆಗಳ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಟೊಂಕನೋವಿಗೆ ಅಕ್ಯುಪಂಕ್ಚರ್ ಬೇಡವೆಂದಿತು, ಎಲುಬು ಒತ್ತುವ ಚಿಕಿತ್ಸೆ ವ್ಯಾಯಾಮದ ಜೊತೆಗೆ ಮಾತ್ರ ಇರಲಿ ಎಂದಿತು; ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2017ರಲ್ಲಿ ಮಾತ್ರೆಗಿಂತ ಮೊದಲು ಇವೆರಡನ್ನೂ ಪ್ರಯತ್ನಿಸಬಹುದೆಂದಿತು. ನನ್ನ ಅನುಭವದಲ್ಲಿ ಎರಡೂ ಸ್ವಲ್ಪ ಕಾಲ ನೋವು ತಗ್ಗಿಸುತ್ತವೆ, ಆ ಬಿಡುವಿನಲ್ಲಿ ವ್ಯಾಯಾಮ ಕಲಿತವರಿಗೆ ಮಾತ್ರ ಉಪಯೋಗ ಉಳಿಯುತ್ತದೆ. ಇಪ್ಪತ್ತು ಸಲದ ಹಣವನ್ನು ಮುಂಗಡವಾಗಿ ಕಟ್ಟಬೇಡಿ. ನಾಲ್ಕಾರು ಸಲದಲ್ಲಿ ಏನೂ ಬದಲಾಗದಿದ್ದರೆ ಮುಂದುವರಿಸಲು ಕಾರಣವಿಲ್ಲ.

ತೊಗರಿ ಕೊಯ್ಲಿನಲ್ಲಿ ಬಾಗಿ ಬಾಗಿ ಹಿಡಿದ ಸಾದಾ ನೋವೇ ಇದ್ದರೂ ಇರಬಹುದು. ಆದರೂ ಹೈದರಾಬಾದಿನ ಬಸ್ ಹತ್ತುವ ಮುನ್ನ ಯಾದಗಿರಿಯ ಜಿಲ್ಲಾ ಆಸ್ಪತ್ರೆಯ ಎಲುಬು ವೈದ್ಯರಿಗೆ ಒಮ್ಮೆ ತೋರಿಸಿ, ಎಕ್ಸ್‌ರೇ ಮಾಡಿಸಿ, ಊರಲ್ಲಿ ಎಷ್ಟು ವರ್ಷದಿಂದ ಯಾವ ನೀರು ಕುಡಿಯುತ್ತಿದ್ದಾರೆ ಎಂಬುದನ್ನು ನೀವಾಗಿಯೇ ಅವರಿಗೆ ಹೇಳಿ. ಆ ಎಕ್ಸ್‌ರೇ ಮತ್ತು ಮಾತ್ರೆಗಳ ಚೀಟಿಯನ್ನು ಮುಂದೆ ಎಲ್ಲಿಗೆ ಹೋದರೂ ಜೊತೆಯಲ್ಲಿ ಒಯ್ಯಿರಿ.