ಒಂದೇ ತೀರ್ಥೋದ್ಭವ, ಚಾನೆಲ್‌ಗೊಂದು ಬಣ್ಣ ಯಾಕೆ?

ಪ್ರಶ್ನೆ: ತಲಕಾವೇರಿಯ ತೀರ್ಥೋದ್ಭವ ರಾತ್ರಿ ಹೊತ್ತು ಬಂದರೆ ನಾವು ಟಿವಿಯಲ್ಲೇ ನೋಡುವುದು. ಒಂದು ಚಾನೆಲ್‌ನಲ್ಲಿ ಚಿತ್ರ ಸ್ಪಷ್ಟ, ಇನ್ನೊಂದರಲ್ಲಿ ಬರೀ ಕಾಳು ಕಾಳು, ಮತ್ತೊಂದರಲ್ಲಿ ಎಲ್ಲಾ ನೀಲಿ. ಎಲ್ಲರ ಹತ್ತಿರವೂ ದುಬಾರಿ ಕ್ಯಾಮೆರಾನೇ ಇರುತ್ತದೆ ಅಲ್ವಾ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ದುಬಾರಿ ಹೌದು, ಆದರೆ ಒಂದೇ ಥರದ್ದಲ್ಲ. ಮುಖ್ಯ ವ್ಯತ್ಯಾಸ ಒಳಗಿರುವ, ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್‌ನ ಅಳತೆ. ಹೆಗಲ ಮೇಲಿಡುವ ದೊಡ್ಡ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 2/3 ಇಂಚಿನ ಮೂರು ಸೆನ್ಸರ್ ಇರುತ್ತವೆ. ಕೈಯಲ್ಲಿ ಹಿಡಿಯುವ ಎಷ್ಟೋ ಕ್ಯಾಮೆರಾಗಳಲ್ಲಿ 1/3 ಇಂಚಿನವು. ಕೇಳೋಕೆ ಅರ್ಧ ಅನ್ನಿಸಿದರೂ, ವಿಸ್ತೀರ್ಣ ಲೆಕ್ಕ ಹಾಕಿದರೆ ದೊಡ್ಡದು ಮೂರು ಪಟ್ಟಿಗಿಂತ ಜಾಸ್ತಿ, ಅದಕ್ಕೆ ಸಿಗುವ ಬೆಳಕೂ ಹಾಗೇ. ಹಗಲಲ್ಲಿ ಮಡಿಕೇರಿಯ ಪ್ರೆಸ್‌ಮೀಟ್ ತೋರಿಸುವಾಗ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಚಿಕ್ಕ ಸೆನ್ಸರ್‌ನವರು ಗೇನ್, ಅಂದರೆ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಏರಿಸಲೇಬೇಕು. 6 ಡಿಬಿ (ಡೆಸಿಬೆಲ್, ಗೇನ್‌ನ ಅಳತೆ) ಏರಿಸಿದರೆ ಚಿತ್ರ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಗುತ್ತದೆ, 18 ಡಿಬಿಗೆ ಹೋದರೆ ನೀವು ಹೇಳಿದ ಕಾಳುಗಳು ಎದ್ದು ಕಾಣುತ್ತವೆ.

ಇನ್ನೊಂದು ತಾಪತ್ರಯವೂ ಇದೆ. ಈಗ ಎಷ್ಟೋ ಲೈವ್‌ಗಳು ಹೋಗುವುದು ಹಲವು ಸಿಮ್ ಜೋಡಿಸಿ ಮೊಬೈಲ್ ನೆಟ್‌ವರ್ಕ್‌ನಲ್ಲಿ ಚಿತ್ರ ಕಳಿಸುವ ಬ್ಯಾಕ್‌ಪ್ಯಾಕ್‌ನಿಂದ. ಕ್ಯಾಮೆರಾದ ಕಾರ್ಡಿನಲ್ಲಿ ಸೆಕೆಂಡಿಗೆ 50 ಮೆಗಾಬಿಟ್ ರೆಕಾರ್ಡ್ ಆಗುತ್ತಿದ್ದರೂ ನೆಟ್‌ವರ್ಕ್‌ನಲ್ಲಿ ದಾಟುವುದು ಅದರ ಚೂರು ಭಾಗ ಅಷ್ಟೇ, ಅದರಲ್ಲೂ ಕಾಳು ಜಾಸ್ತಿ ಇದ್ದರೆ ಎನ್‌ಕೋಡರ್ (ಕಳಿಸಲು ಚಿತ್ರವನ್ನು ಕುಗ್ಗಿಸುವ ಸಾಧನ) ಅದನ್ನೇ ವಿವರ ಅಂದುಕೊಂಡು ಡೇಟಾ ಸುರಿಯುತ್ತದೆ, ಕೊನೆಗೆ ಜನರ ಮುಖವೇ ಚೌಕ ಚೌಕ.

ನೀಲಿ ಬಣ್ಣಕ್ಕೆ ಮಾತ್ರ ಸುಮ್ನೆ ಕ್ಯಾಮೆರಾವನ್ನು ಬೈಯಬೇಡಿ. ಅದು ಹೆಚ್ಚಾಗಿ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗೇ ತೋರಿಸುವ ಹೊಂದಾಣಿಕೆ, ತಪ್ಪಿದ್ದು. ಕ್ಯಾಮೆರಾವನ್ನು ಹಳದಿ ಬಲ್ಬಿಗೆ ಹೊಂದುವ 3200 ಕೆಲ್ವಿನ್‌ನಲ್ಲೇ ಬಿಟ್ಟು, ಬಿಳಿ ಎಲ್‌ಇಡಿ ದೀಪದಡಿ ತೆಗೆದರೆ ಹೀಗಾಗುತ್ತದೆ. ಆ ನೂಕುನುಗ್ಗಲಲ್ಲಿ ಬಿಳಿ ಹಾಳೆ ಹಿಡಿದು ಸರಿ ಮಾಡೋಕೆ ಪುರುಸೊತ್ತಾದರೂ ಎಲ್ಲಿ?