ಬೆಂಗಳೂರಿನ ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿ ಕಟ್ಟಡವನ್ನು ಯಾಕೆ ಉಳಿಸಿಕೊಳ್ಳಬೇಕು?

ಹಳೆಯದು ಎಂಬ ಒಂದೇ ಕಾರಣಕ್ಕೆ ಅಲ್ಲ. ರಸ್ತೆಗೆ ಆ ಹೆಸರು ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಈ ಕಲ್ಲಿನ ಕಟ್ಟಡವೇ ಉತ್ತರ. ವೈದ್ಯಾಧಿಕಾರಿ ಎಡ್ವರ್ಡ್ ಬಾಲ್ಫರ್ ಅವರ ಮಾರ್ಗದರ್ಶನದಲ್ಲಿ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯ ಮೊದಲು ಇದ್ದದ್ದು ಇಲ್ಲಿ. 1870ರ ದಶಕದ ಕೊನೆಯಲ್ಲಿ ಅದು ಕಬ್ಬನ್ ಉದ್ಯಾನದ ಅಂಚಿನ ಕೆಂಪು ಕಟ್ಟಡಕ್ಕೆ ಹೋಯಿತು. ಹೆಸರು ಮಾತ್ರ ರಸ್ತೆಗೆ ಉಳಿಯಿತು. ಕಟ್ಟಡ ಕೆಡವಿದರೆ ಆ ಹೆಸರಿಗಿರುವ ಸಾಕ್ಷಿಯೇ ಹೋಗುತ್ತದೆ.

ನನಗೆ ಅದಕ್ಕಿಂತ ದೊಡ್ಡದೆನಿಸುವುದು, ಅದು ಇಂದಿಗೂ ದುಡಿಯುತ್ತಿರುವುದು. ಉಳಿತಾಯ ಖಾತೆಯ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುವ ಹಿರಿಯರಿಗೆ ಅದು ಸ್ಮಾರಕವಲ್ಲ, ಕೌಂಟರ್. ಫಲಕ ಹಾಕಿ ಬೀಗ ಜಡಿದರೆ ಪರಂಪರೆಯ ಅರ್ಧ ಜೀವ ಹೋದಂತೆ.

ದುರಸ್ತಿ ಮಾತ್ರ ಬಲ್ಲವರೇ ಮಾಡಬೇಕು. ಇಂಥ ಹಳೆಯ ಗೋಡೆಗಳ ಸುಣ್ಣದ ಗಾರೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು, ಗಾರೆ ಪುಡಿಯಾಗಿ ಉದುರುತ್ತದೆ. ಬೆಂಗಳೂರಿನ ಎಷ್ಟೋ ಹಳೆಯ ಗೋಡೆಗಳು ಕೆಟ್ಟದ್ದು ಹೀಗೆಯೇ.